ಥಿಂಕ್ ಟ್ಯಾಂಕ್‌ಗೆ ದುಡ್ಡು ಹಾಕೋರು ಯಾರು?

ಅಮೆರಿಕದ ಮಿಷಿಗನ್, 2012ರ ಡಿಸೆಂಬರ್. ಕಾರು ಕಾರ್ಮಿಕರ ಈ ಭದ್ರಕೋಟೆಯಲ್ಲೇ ಯೂನಿಯನ್‌ಗಳ ಕೈ ಕಟ್ಟೋ ಕಾನೂನು ಪಾಸಾಯ್ತು: ಇನ್ಮೇಲೆ ಕೆಲಸ ಉಳಿಸ್ಕೊಳ್ಳೋಕೆ ಚಂದಾ ಕಟ್ಟಲೇಬೇಕು ಅಂತಿಲ್ಲ (2023ರಲ್ಲಿ ಅದನ್ನ ರದ್ದು ಮಾಡಿದ್ರು). ಅದಕ್ಕೆ ವರ್ಷಗಟ್ಟಲೆ ವರದಿ ಬರೆದು ನೆಲ ಹದ ಮಾಡಿದ್ದು ಮ್ಯಾಕಿನಾ ಸೆಂಟರ್ ಅನ್ನೋ ಬಲಪಂಥೀಯ ಥಿಂಕ್ ಟ್ಯಾಂಕ್, ಅಂದ್ರೆ ನೀತಿ ಸಂಶೋಧನಾ ಸಂಸ್ಥೆ. ರಾಜ್ಯ ರಾಜ್ಯಗಳಲ್ಲಿರೋ ಇಂಥವನ್ನ ಹೆಣೆಯೋಕೆ 1992ರಿಂದ ಸ್ಟೇಟ್ ಪಾಲಿಸಿ ನೆಟ್‌ವರ್ಕ್ ಅಂತ ಒಂದು ಜಾಲವೇ ಇದೆ.

ಸರಿ, ದುಡ್ಡು? ಸಿರಿವಂತರು ಡೋನರ್ಸ್ ಟ್ರಸ್ಟ್‌ನಂಥ ನಿಧಿಗೆ ಹಾಕ್ತಾರೆ, ಅಲ್ಲಿಂದ ಚೆಕ್ ಹೊರಡುತ್ತೆ. ಆ ನಿಧಿ ತೆರಿಗೆ ಇಲಾಖೆಗೆ ಕೊಡೋ ಫಾರಂ 990 ತೆರೆದು ನೋಡಿ. ಯಾವ ಸಂಸ್ಥೆಗೆ ಎಷ್ಟು ಹೋಯ್ತು, ಎಲ್ಲಾ ಇದೆ. ಮೂಲ ದಾನಿ ಮಾತ್ರ ನಾಪತ್ತೆ! ಪೂರ್ತಿ ಕಾನೂನುಬದ್ಧ, ಸ್ವಾಮಿ. ‘ದಾನಿಗಳ ಖಾಸಗಿತನ’ ಅಂತಾರೆ. ಎಡಪಂಥೀಯರೇನು ಕಮ್ಮಿ ಇಲ್ಲ, ಅವರಿಗೂ ಇಂಥ ನಿಧಿಗಳಿವೆ.