ಆಶ್ರಯ ಕೇಳೋದು ಹೇಗೆ? ಬೋಡಿ ಸೀಮೆಯಿಂದ ಒಂದು ಉತ್ತರ

ತಮಿಳುನಾಡಿನ ಬೋಡಿನಾಯಕನೂರು ಅಂದರೆ ಏಲಕ್ಕಿ, ಸರಿ. ಆದರೆ ಇದೇ ಸೀಮೆಯಲ್ಲಿ, ದಿಂಡಿಗಲ್ ಪಕ್ಕದ ತೋಟ್ಟನೂತ್ತಿನಲ್ಲಿ, 2022ರಲ್ಲಿ ಶ್ರೀಲಂಕಾ ತಮಿಳರಿಗಾಗಿ 321 ಹೊಸ ಮನೆಗಳು ಎದ್ದವು.

ಶ್ರೀಲಂಕಾದ ಯುದ್ಧಕ್ಕೆ ಹೆದರಿ ದೋಣಿ ಹತ್ತಿದವರು ರಾಮೇಶ್ವರದ ಕಡೆ ಇಳಿದಾಗ ಮೊದಲು ಪೊಲೀಸ್ ವಿಚಾರಣೆ ಆಗುತ್ತಿತ್ತು. ಆಮೇಲೆ ಮಂಡಪಂ ಶಿಬಿರದಲ್ಲಿ ನೋಂದಣಿ. ಅಲ್ಲಿಂದ ಜಿಲ್ಲೆಗಳ ಶಿಬಿರಗಳಿಗೆ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ಲಂಕಾ ತಮಿಳರು, ಟಿಬೆಟಿಯನ್ನರನ್ನು (ನಮ್ಮ ಬೈಲಕುಪ್ಪೆ ಗೊತ್ತಲ್ಲ?) ಸರ್ಕಾರವೇ ನೋಡಿಕೊಳ್ಳುತ್ತೆ. ಅಫ್ಘಾನಿಸ್ತಾನ, ಮ್ಯಾನ್ಮಾರ್‌ನಿಂದ ಬಂದವರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್‌ಗೆ ಅರ್ಜಿ ಹಾಕಬೇಕು. ಅದಕ್ಕೆ ಒಂದು ಪೈಸೆ ಶುಲ್ಕವಿಲ್ಲ. ದುಡ್ಡು ಕೇಳಿದವನು ದಲ್ಲಾಳಿ, ಅಷ್ಟೇ.

ನಿಜವಾದ ಕಷ್ಟ ಅರ್ಜಿ ಹಾಕಿದ ಮೇಲೆ ನಡೆಯುವ ಸಂದರ್ಶನದಲ್ಲಿ. ಭಾಷೆ ಬಾರದಿದ್ದರೆ ದುಭಾಷಿ ಇರುತ್ತಾರೆ. ಊರಲ್ಲಿ ಬಡತನ ಅಂದರೆ ಸಾಲದು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ನಿಲುವು, ಯಾವುದೋ ಗುಂಪಿಗೆ ಸೇರಿದ್ದು, ಇಲ್ಲಾ ಯುದ್ಧ: ಯಾವುದರಿಂದ ಅಪಾಯ, ವಾಪಸ್ ಹೋದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕು. ದಾಖಲೆ ಇದ್ದರೆ ಕೊಡಿ, ಇಲ್ಲದಿದ್ದರೂ ಕೇಳಬಹುದು. ಮನೆ ಉರಿಯುವಾಗ ಪಾಸ್‌ಪೋರ್ಟ್ ಹುಡುಕುತ್ತಾ ಕೂರೋರು ಯಾರು? ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಉಂಟು, ಆದರೆ ಕೊಟ್ಟ ಗಡುವಿನೊಳಗೇ ಹಾಕಬೇಕು.