ಲೆಡ್‌ಹಿಲ್ಸ್ : ಒಂದು ಗಣಿಗ್ರಾಮ ಮತ್ತು ಅದರ ಪುಸ್ತಕಭಂಡಾರ

ಗ್ರಾಮಗಳ ಚರಿತ್ರೆಯನ್ನು ಬರೆಯಹೊರಟವರಿಗೆ ದೊರೆಯುವ ಆಧಾರಗಳು ಬಹುಮಟ್ಟಿಗೆ ಗ್ರಾಮಸ್ಥರೇ ಬರೆದಿಟ್ಟವುಗಳಲ್ಲ. ದಾನಶಾಸನ, ಕಂದಾಯದ ಲೆಕ್ಕ, ನ್ಯಾಯಾಲಯದ ತೀರ್ಪು, ಜಮೀನ್ದಾರರ ಮನೆಯ ಕಾಗದಪತ್ರ—ಇವೆಲ್ಲವೂ ಗ್ರಾಮವನ್ನು ಆಳಿದವರ ಅಥವಾ ಅದರಿಂದ ಆದಾಯ ಪಡೆದವರ ಬರಹಗಳು. ಅಲ್ಲಿ ದುಡಿದವರು ಏನನ್ನು ಬಯಸಿದರು, ಏನನ್ನು ಓದಿದರು, ತಮ್ಮ ವ್ಯವಹಾರಗಳನ್ನು ಹೇಗೆ ನಡೆಸಿಕೊಂಡರು ಎಂಬ ಪ್ರಶ್ನೆಗಳಿಗೆ ಇವುಗಳಲ್ಲಿ ಉತ್ತರ ದೊರೆಯುವುದು ವಿರಳ. ಈ ದೃಷ್ಟಿಯಿಂದ ಸ್ಕಾಟ್ಲೆಂಡಿನ ಲೆಡ್‌ಹಿಲ್ಸ್ ಎಂಬ ಚಿಕ್ಕ ಗ್ರಾಮವು ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ೧೭೪೧ರಲ್ಲಿ ಇಲ್ಲಿನ ಸೀಸದ ಗಣಿಯ ಕೆಲಸಗಾರರು ತಮ್ಮ ಚಂದಾಹಣದಿಂದ ಒಂದು ಪುಸ್ತಕಭಂಡಾರವನ್ನು ಸ್ಥಾಪಿಸಿದರು. ಬ್ರಿಟಿಷ್ ದ್ವೀಪಗಳಲ್ಲಿ ಚಂದಾದಾರರೇ ಕೂಡಿ ನಡೆಸಿದ ಪುಸ್ತಕಭಂಡಾರಗಳಲ್ಲಿ ಇದು ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. ಇಂತಹದೊಂದು ಸಂಸ್ಥೆ ರಾಜಧಾನಿಯ ವರ್ತಕರ ಮತ್ತು ವಕೀಲರ ನಡುವೆ ಮೊದಲು ಹುಟ್ಟದೆ ಬೋಳು ಬೆಟ್ಟಗಳ ನಡುವಣ ಗಣಿಗಾರರ ಊರಿನಲ್ಲಿ ಹುಟ್ಟಿದ್ದೇಕೆ? ಈ ಪ್ರಶ್ನೆಗೆ ಆ ಊರಿನ ದುಡಿಮೆಯ ಕ್ರಮದಲ್ಲಿಯೇ ಉತ್ತರವನ್ನು ಹುಡುಕಬೇಕೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

ಲೆಡ್‌ಹಿಲ್ಸ್ ಎಂದರೆ ‘ಸೀಸದ ಬೆಟ್ಟಗಳು’ ಎಂದೇ ಅರ್ಥ. ಎಡಿನ್‌ಬರೋ ನಗರದ ನೈಋತ್ಯಕ್ಕೆ ಸುಮಾರು ೪೫ ಮೈಲಿಗಳ ದೂರದಲ್ಲಿ, ಲೌದರ್ ಬೆಟ್ಟಸಾಲಿನ ನಡುವೆ, ಸಮುದ್ರಮಟ್ಟಕ್ಕೆ ಸುಮಾರು ೧೩೦೦ ಅಡಿ ಎತ್ತರದಲ್ಲಿ ಈ ಊರು ನೆಲೆಗೊಂಡಿದೆ. ನಮ್ಮ ದೇಶದ ಲೆಕ್ಕದಲ್ಲಿ ಇದು ದೊಡ್ಡ ಎತ್ತರವಲ್ಲದಿದ್ದರೂ ಆ ಉತ್ತರದ ಅಕ್ಷಾಂಶದಲ್ಲಿ ಬೇಸಾಯಕ್ಕೆ ಇದು ಬಹುಮಟ್ಟಿಗೆ ಮೇರೆಯೇ ಸರಿ. ಚಳಿಗಾಲ ದೀರ್ಘವಾದುದು, ಮಣ್ಣು ಬಡವಾದುದು, ಮರಗಳು ವಿರಳ. ಗ್ಲೆಂಗಾನರ್ ಎಂಬ ಹೊಳೆ ಇಲ್ಲಿಂದ ಉತ್ತರಕ್ಕೆ ಹರಿದು ಕ್ಲೈಡ್ ನದಿಯನ್ನು ಸೇರುತ್ತದೆ. ಒಂದೂವರೆ ಮೈಲಿಯಷ್ಟು ದೂರದಲ್ಲಿ, ೧೫೩೧ ಅಡಿ ಎತ್ತರದಲ್ಲಿ, ಇದರ ಸೋದರಗ್ರಾಮವೆನ್ನಬಹುದಾದ ವಾನ್‌ಲಾಕ್‌ಹೆಡ್ ಇದೆ. ಅದು ಸ್ಕಾಟ್ಲೆಂಡಿನ ಎಲ್ಲ ಗ್ರಾಮಗಳಿಗಿಂತ ಎತ್ತರದಲ್ಲಿರುವ ಗ್ರಾಮ. ಕುರಿಗಳ ಮೇವನ್ನು ಬಿಟ್ಟರೆ ಇಲ್ಲಿ ಜನ ಬಂದು ನೆಲೆಸಲು ನೆಲದ ಮೇಲೆ ಕಾರಣವಿರಲಿಲ್ಲ. ಕಾರಣವೆಲ್ಲ ನೆಲದ ಒಳಗಿತ್ತು.

ಈ ಪ್ರದೇಶದ ಗಣಿಗಳ ಉಲ್ಲೇಖ ೧೩ನೆಯ ಶತಮಾನದಷ್ಟು ಹಿಂದೆಯೇ ದೊರೆಯುತ್ತದೆ. ೧೨೩೯ರಲ್ಲಿ ಸರ್ ಡೇವಿಡ್ ಲಿಂಡ್ಸೆ ಎಂಬ ಪ್ರಭು ನ್ಯೂಬ್ಯಾಟಲ್ ಮಠದ ಸಂನ್ಯಾಸಿಗಳಿಗೆ ಇಲ್ಲಿನ ಭೂಮಿಯನ್ನು ದಾನವಿತ್ತನು. ೧೬ನೆಯ ಶತಮಾನದಲ್ಲಿ ಈ ಬೆಟ್ಟಗಳ ಹೊಳೆಗಳಲ್ಲಿ ದೊರೆತ ಚಿನ್ನವು ರಾಜರ ಗಮನವನ್ನು ಸೆಳೆಯಿತು. ೧೫೪೦ರಲ್ಲಿ ಐದನೆಯ ಜೇಮ್ಸ್ ದೊರೆ ಪುನರ್ನಿರ್ಮಿಸಿದ, ಈಗಲೂ ಎಡಿನ್‌ಬರೋ ಕೋಟೆಯಲ್ಲಿರುವ ಸ್ಕಾಟ್ಲೆಂಡಿನ ಕಿರೀಟಕ್ಕೆ ಇಲ್ಲಿಯ ಚಿನ್ನ ಸೇರಿದೆ. ಆದರೆ ಚಿನ್ನ ಅಲ್ಪ. ಸೀಸವೇ ಇಲ್ಲಿನ ನಿಜವಾದ ಸಂಪತ್ತು. ಗಣಿಗಳು ಎಡಿನ್‌ಬರೋ ನಗರದ ಫೌಲಿಸ್ ಎಂಬ ಅಕ್ಕಸಾಲಿಗ ಮನೆತನದ ಕೈಗೆ ಬಂದು, ೧೬೩೮ರಲ್ಲಿ ಆ ಮನೆತನದ ವಾರಸುದಾರಳಾದ ಆನ್ ಫೌಲಿಸಳನ್ನು ಮದುವೆಯಾದ ಸರ್ ಜೇಮ್ಸ್ ಹೋಪನಿಗೆ ಸೇರಿದುವು. ಈ ಹೋಪ್ ವಂಶದವರೇ ಮುಂದೆ ಹೋಪ್‌ಟನ್ ಅರ್ಲ್‌ಗಳೆಂದೂ ಲಿನ್ಲಿತ್‌ಗೋ ಮಾರ್ಕ್ವೆಸ್‌ಗಳೆಂದೂ ಪ್ರಸಿದ್ಧರಾದರು. ೧೯೩೬ರಿಂದ ೧೯೪೩ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಲಿನ್ಲಿತ್‌ಗೋ ಈ ಮನೆತನದವನೇ. ಆ ಮನೆತನದ ಐಶ್ವರ್ಯಕ್ಕೆ ಆಧಾರವಾದ ಸಂಪತ್ತಿನಲ್ಲಿ ಈ ಗ್ರಾಮದ ಸೀಸವೂ ಒಂದು.

ಗಣಿಗಾರಿಕೆಯೆಂದೊಡನೆ ಎಲ್ಲ ಗಣಿಗಾರರ ಸ್ಥಿತಿಯೂ ಒಂದೇ ಎಂದು ಭಾವಿಸುವುದು ಸರಿಯಲ್ಲ. ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ೧೬೦೬ರ ಶಾಸನದ ಪ್ರಕಾರ ಕೆಲಸಗಾರನು ಒಡೆಯನಿಗೆ ಬದ್ಧನಾದವನು. ಒಡೆಯನ ಅನುಮತಿ ಪತ್ರವಿಲ್ಲದೆ ಅವನು ಬೇರೆಡೆ ಕೆಲಸಕ್ಕೆ ಸೇರುವಂತಿರಲಿಲ್ಲ. ೧೭೭೫ ಮತ್ತು ೧೭೯೯ರ ಶಾಸನಗಳಿಂದ ಮಾತ್ರವೇ ಈ ಬಂಧನ ಕಳಚಿತು. ಆದರೆ ೧೮ನೆಯ ಶತಮಾನದ ಸೀಸದ ಗಣಿಗಾರನು ಹೀಗೆ ಬದ್ಧನಾಗಿರಲಿಲ್ಲ; ಅವನು ಕರಾರಿನ ಮೇಲೆ ದುಡಿಯುತ್ತಿದ್ದನು. ಕೆಲವು ಮಂದಿ ಕೂಡಿ ಒಂದು ಪಾಲುಗಾರಿಕೆಯನ್ನು ಏರ್ಪಡಿಸಿಕೊಂಡು ಗಣಿಯ ಒಂದು ಭಾಗವನ್ನು ಗುತ್ತಿಗೆಗೆ ಹಿಡಿಯುತ್ತಿದ್ದರು. ಅದಿರು ತೆಗೆಯುವ ಕೆಲಸವಾದರೆ ತೂಕಕ್ಕೆ ಇಷ್ಟು, ಬಂಡೆಯನ್ನು ಕೊರೆಯುವ ಕೆಲಸವಾದರೆ ಉದ್ದದ ಅಳತೆಗೆ ಇಷ್ಟು ಎಂದು ಮೊದಲೇ ದರ ನಿರ್ಣಯವಾಗುತ್ತಿತ್ತು. ಲೆಕ್ಕ ಚುಕ್ತಾ ಆಗುವವರೆಗೆ ಜೀವನಕ್ಕೆ ಮುಂಗಡ ಹಣ ದೊರೆಯುತ್ತಿತ್ತು. ಕೊನೆಯಲ್ಲಿ ಅದನ್ನು ಕಳೆದು ಉಳಿದುದನ್ನು ಹಂಚಿಕೊಳ್ಳಬೇಕು. ಅದಿರಿನ ಪದರ ತೆಳುವಾಗಿಬಿಟ್ಟರೆ ಉಳಿಯುವುದು ಸಾಲವೇ. ಈ ಕ್ರಮದಲ್ಲಿ ನಷ್ಟದ ಭಯವೆಲ್ಲ ದುಡಿಯುವವನ ಪಾಲಿಗಿತ್ತೆಂಬುದನ್ನು ಮರೆಯಲಾಗದು. ಹೀಗಿದ್ದರೂ ಕರಾರನ್ನು ಓದುವುದು, ಲೆಕ್ಕವನ್ನು ಪರೀಕ್ಷಿಸುವುದು, ಸಂಗಡಿಗರೊಡನೆ ಕೂಡಿ ತೀರ್ಮಾನಿಸುವುದು ಇವನಿಗೆ ದಿನನಿತ್ಯದ ಅಗತ್ಯಗಳಾದುವು. ಓದುಬರಹವು ಇಲ್ಲಿ ಹೊಟ್ಟೆಪಾಡಿನ ಸಾಧನವೂ ಆಗಿತ್ತು.

ಇಂತಹ ನೆಲದಲ್ಲಿ ಒಬ್ಬ ಗಣಿತಜ್ಞನು ಬಂದು ಸೇರಿದನು. ಗಣಿತದ ವಿದ್ಯಾರ್ಥಿಗಳಿಗೆ ಕ್ರಮಗುಣಿತವನ್ನು ಅಂದಾಜು ಮಾಡುವ ಸೂತ್ರದಿಂದ ಪರಿಚಿತನಾದ ಜೇಮ್ಸ್ ಸ್ಟರ್ಲಿಂಗನೇ (೧೬೯೨-೧೭೭೦) ಇವನು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಹೊಸ ರಾಜವಂಶಕ್ಕೆ ನಿಷ್ಠೆಯ ಪ್ರಮಾಣವನ್ನು ಸ್ವೀಕರಿಸಲೊಪ್ಪದೆ ವಿದ್ಯಾರ್ಥಿವೇತನವನ್ನು ಕಳೆದುಕೊಂಡವನು. ವೆನಿಸಿನಲ್ಲಿ ಕೆಲವು ಕಾಲ ಕಳೆದವನು. ೧೭೨೬ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾಗಿ ೧೭೩೦ರಲ್ಲಿ ತನ್ನ ಮುಖ್ಯ ಗ್ರಂಥವನ್ನು ಪ್ರಕಟಿಸಿದವನು. ಲೆಡ್‌ಹಿಲ್ಸಿನ ಗಣಿಗಳನ್ನು ಹೋಪ್‌ಟನ್ ಅರ್ಲನಿಂದ ಗುತ್ತಿಗೆಗೆ ಪಡೆದಿದ್ದ ಸ್ಕಾಟ್ಸ್ ಮೈನಿಂಗ್ ಕಂಪೆನಿಯು ೧೭೩೦ರ ದಶಕದ ನಡುವಿನಲ್ಲಿ ಇವನನ್ನು ವ್ಯವಸ್ಥಾಪಕನನ್ನಾಗಿ ನೇಮಿಸಿತು. ನಷ್ಟದಲ್ಲಿದ್ದ ಉದ್ಯಮವು ಇವನ ಆಡಳಿತದಲ್ಲಿ ಲಾಭದಾಯಕವಾಯಿತು. ಇವನು ಜೀವಮಾನದ ಉಳಿದ ಭಾಗವನ್ನೆಲ್ಲ ಬಹುಮಟ್ಟಿಗೆ ಈ ಕೆಲಸದಲ್ಲಿಯೇ ಕಳೆದನು.

ಈ ಕಾಲದ ಎರಡು ಏರ್ಪಾಡುಗಳು ನಮ್ಮ ವಿಷಯಕ್ಕೆ ಮುಖ್ಯವಾದುವು. ಮೊದಲನೆಯದು ಕೆಲಸದ ಅವಧಿ. ನೆಲದಡಿಯ ಗಣಿಗಾರನು ದಿನದ ೨೪ ಗಂಟೆಗಳಲ್ಲಿ ಆರು ಗಂಟೆ ಮಾತ್ರ ದುಡಿಯುತ್ತಿದ್ದನೆಂದು ೧೮ನೆಯ ಶತಮಾನದ ವರದಿಗಳು ಹೇಳುತ್ತವೆ. ಗಾಳಿ ಕೆಟ್ಟ, ನೀರು ಸೋರುವ ಸುರಂಗಗಳಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ದುಡಿಸುವುದರಿಂದ ಹೆಚ್ಚಿನ ಅದಿರು ಬರುವುದಿಲ್ಲವೆಂಬ ವಿವೇಕ ಇದರ ಹಿಂದಿದ್ದಿತು. ಎರಡನೆಯದು ಭೂಮಿ. ಮನೆಯ ಸುತ್ತಣ ಬೀಳುನೆಲವನ್ನು ಗುದ್ದಲಿಯಿಂದ ಹಸನುಮಾಡಿಕೊಂಡು ತರಕಾರಿಯನ್ನೂ ಹಸುವಿಗೆ ಹುಲ್ಲನ್ನೂ ಬೆಳೆದುಕೊಳ್ಳಲು ಗಣಿಗಾರರಿಗೆ ಅವಕಾಶವಿತ್ತು. ಭೂಮಿಯ ಒಡೆತನ ಮಾತ್ರ ಜಮೀನ್ದಾರನದೇ. ಈ ಎರಡು ಏರ್ಪಾಡುಗಳಿಂದ ಗಣಿಗಾರನಿಗೆ ಇತರ ಶ್ರಮಿಕರಿಗೆ ಅಪರೂಪವಾಗಿದ್ದ ಒಂದು ವಸ್ತು ದೊರೆಯಿತು, ಅದೇ ವಿರಾಮ. ಇದಕ್ಕೆ ಸ್ಕಾಟ್ಲೆಂಡಿನ ಶಾಲಾಪದ್ಧತಿಯನ್ನೂ ಸೇರಿಸಿಕೊಳ್ಳಬೇಕು. ಪ್ರತಿ ಪ್ಯಾರಿಷ್ಷಿನಲ್ಲಿಯೂ ಶಾಲೆ ಇರಬೇಕೆಂದು ೧೬೯೬ರ ಶಾಸನ ವಿಧಿಸಿತ್ತು. ಪ್ರತಿಯೊಬ್ಬನೂ ಬೈಬಲನ್ನು ತಾನೇ ಓದಬೇಕೆಂಬ ಪ್ರೆಸ್‌ಬಿಟೀರಿಯನ್ ಚರ್ಚಿನ ನಿಲುವು ಈ ಶಾಸನಕ್ಕೆ ಬಲವಾಗಿ ನಿಂತಿತ್ತು.

ಹೀಗೆ ಅಗತ್ಯ, ವಿರಾಮ, ವಿದ್ಯೆ ಈ ಮೂರೂ ಒಂದೆಡೆ ಕೂಡಿದಾಗ, ೧೭೪೧ರ ನವೆಂಬರ್ ೨೩ರಂದು ಲೆಡ್‌ಹಿಲ್ಸಿನ ಓದುಗರ ಸಂಘವು ಸ್ಥಾಪಿತವಾಯಿತು. ಸ್ಥಾಪಕ ಸದಸ್ಯರು ೨೩ ಮಂದಿ. ಅವರಲ್ಲಿ ಪಾದ್ರಿಯನ್ನೂ ಶಾಲೆಯ ಉಪಾಧ್ಯಾಯನನ್ನೂ ಬಿಟ್ಟರೆ ಉಳಿದ ೨೧ ಮಂದಿಯೂ ಗಣಿಗಾರರು. ಪ್ರವೇಶಧನವನ್ನೂ ವಾರ್ಷಿಕ ಚಂದಾವನ್ನೂ ಕೊಟ್ಟು ಸೇರಬೇಕು. ಸೇರಬಯಸುವವನನ್ನು ಸದಸ್ಯರೇ ಮತ ಕೊಟ್ಟು ಅಂಗೀಕರಿಸಬೇಕು. ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ, ಪುಸ್ತಕಗಳ ಸ್ಥಿತಿಯನ್ನು ನೋಡಿಕೊಳ್ಳುವ ಪರೀಕ್ಷಕರು—ಇವರೆಲ್ಲ ಸದಸ್ಯರಿಂದಲೇ ಆರಿಸಲ್ಪಡಬೇಕು. ಧರ್ಮೋಪದೇಶದ ಗ್ರಂಥಗಳು ಮೊದಲು ಹೆಚ್ಚಾಗಿದ್ದುವು. ಚರಿತ್ರೆ, ಪ್ರವಾಸಕಥನ ಮುಂತಾದುವೂ ಅವುಗಳ ಜೊತೆಗೆ ಬಂದುವು.

ಈ ನಿಯಮಗಳ ಅರ್ಥವನ್ನು ಗ್ರಹಿಸಲು ಇನ್ನೊಂದು ಸಂಗತಿಯನ್ನು ಜೊತೆಗಿಟ್ಟು ನೋಡಬೇಕು. ಅಂದಿನ ಸ್ಕಾಟ್ಲೆಂಡಿನ ಗ್ರಾಮಾಂತರದಲ್ಲಿ ಪಾರ್ಲಿಮೆಂಟಿಗೆ ಮತ ಕೊಡುವ ಹಕ್ಕು ಬೆರಳೆಣಿಕೆಯ ಭೂಮಾಲಿಕರದು. ಗ್ರಾಮಾಂತರದ ಸಾಮಾನ್ಯ ಗೃಹಸ್ಥ ಕೆಲಸಗಾರನಿಗೆ ಆ ಹಕ್ಕು ದೊರೆತದ್ದು ೧೮೮೪ರ ಸುಧಾರಣಾ ಶಾಸನದಿಂದ. ಎಂದರೆ, ದೇಶದ ಆಡಳಿತದಲ್ಲಿ ಮತವಿಲ್ಲದಿದ್ದ ಈ ಗಣಿಗಾರರು ಅದಕ್ಕೆ ೧೪೩ ವರ್ಷಗಳ ಮೊದಲೇ ತಮ್ಮ ಪುಸ್ತಕಭಂಡಾರದಲ್ಲಿ ಮತ ಕೊಟ್ಟು, ಅಧಿಕಾರಿಗಳನ್ನು ಆರಿಸಿ, ಲೆಕ್ಕವನ್ನು ಕೇಳುತ್ತಿದ್ದರು. ಯಾವ ಪುಸ್ತಕವನ್ನು ಓದಿದರೆಂಬುದಷ್ಟೇ ಮುಖ್ಯವಾಗಿ, ಅದನ್ನು ಕೊಳ್ಳುವ ಸಂಸ್ಥೆಯನ್ನು ಹೇಗೆ ನಡೆಸಿದರೆಂಬುದೂ ಇಲ್ಲಿ ಗಮನಾರ್ಹವಾಗಿದೆ.

ಈ ಭಂಡಾರಕ್ಕೆ ಕವಿ ಅಲನ್ ರ‍್ಯಾಮ್ಸೆಯ ಹೆಸರು ಸೇರಿಕೊಂಡಿದೆ. ಅವನು ಸುಮಾರು ೧೬೮೪ರಲ್ಲಿ ಈ ಊರಿನಲ್ಲಿಯೇ ಹುಟ್ಟಿದವನು. ಅವನ ತಂದೆ ಇಲ್ಲಿನ ಗಣಿಗಳ ಮೇಲ್ವಿಚಾರಕನಾಗಿದ್ದನು. ಎಡಿನ್‌ಬರೋ ನಗರದಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಭಂಡಾರವನ್ನು ೧೭೨೦ರ ದಶಕದಲ್ಲಿ ತೆರೆದ ಕೀರ್ತಿಯೂ ಅವನದು. ಆದರೆ ಅದು ಒಬ್ಬನ ವ್ಯಾಪಾರ. ಇದು ಹಲವರ ಒಡೆತನ. ಸಾಗರದಾಚೆ ಫಿಲಡೆಲ್ಫಿಯದಲ್ಲಿ ಬೆಂಜಮಿನ್ ಫ್ರಾಂಕ್ಲಿನನು ೧೭೩೧ರಲ್ಲಿ ಸ್ಥಾಪಿಸಿದ ಚಂದಾ ಪುಸ್ತಕಾಲಯದೊಡನೆ ಲೆಡ್‌ಹಿಲ್ಸಿನದನ್ನು ಹೋಲಿಸುವುದು ಹೆಚ್ಚು ಉಚಿತ.

ಈ ಮಾದರಿ ನೆರೆಹೊರೆಗೂ ಹಬ್ಬಿತು. ವಾನ್‌ಲಾಕ್‌ಹೆಡ್ಡಿನ ಗಣಿಗಾರರು ೧೭೫೬ರಲ್ಲಿಯೂ, ಲ್ಯಾಂಗ್‌ಹೋಮ್ ಬಳಿಯ ವೆಸ್ಟರ್‌ಕರ್ಕಿನ ಆಂಟಿಮನಿ ಗಣಿಗಾರರು ೧೭೯೩ರಲ್ಲಿಯೂ ತಮ್ಮ ತಮ್ಮ ಭಂಡಾರಗಳನ್ನು ಸ್ಥಾಪಿಸಿಕೊಂಡರು. ವೆಸ್ಟರ್‌ಕರ್ಕಿನ ಸೀಮೆಯಲ್ಲಿ ಕುರುಬನ ಮಗನಾಗಿ ಹುಟ್ಟಿ ಮಹಾ ಎಂಜಿನಿಯರನಾದ ಥಾಮಸ್ ಟೆಲ್ಫರ್ಡನು ತನ್ನ ಮರಣಶಾಸನದಲ್ಲಿ ಅಲ್ಲಿಯ ಭಂಡಾರಕ್ಕೆ ಹಣವನ್ನು ಬಿಟ್ಟುಹೋದನು. ೧೮೦೩ರಲ್ಲಿ ವರ್ಡ್ಸ್‌ವರ್ತ್ ಕವಿ, ಅವನ ತಂಗಿ ಡೊರೊತಿ ಮತ್ತು ಕೋಲ್ರಿಜ್ ಈ ದಾರಿಯಲ್ಲಿ ಪ್ರವಾಸ ಮಾಡಿದರು. ವಾನ್‌ಲಾಕ್‌ಹೆಡ್ಡಿನ ಕೆಲವು ಹುಡುಗರನ್ನು ದಾರಿಯಲ್ಲಿ ಕಂಡು ಮಾತನಾಡಿಸಿದಾಗ, ಶಾಲೆಯಲ್ಲಿ ವರ್ಜಿಲ್ ಮತ್ತು ಹೋಮರ್ ಕವಿಗಳ ಕಾವ್ಯಗಳು ಅವರ ಪಾಠವಾಗಿದ್ದುದನ್ನು ತಿಳಿದು ಅವರು ಬೆರಗಾದ ಪ್ರಸಂಗವು ಡೊರೊತಿಯ ಪ್ರವಾಸದ ದಿನಚರಿಯಲ್ಲಿದೆ.

ಇಷ್ಟನ್ನು ಹೇಳಿದ ಮೇಲೆ ಈ ಗ್ರಾಮವನ್ನು ಆದರ್ಶಲೋಕವೆಂದು ಭಾವಿಸಬಾರದೆಂಬ ಎಚ್ಚರಿಕೆಯೂ ಅಗತ್ಯ. ಓದುವ, ಮಿತಜೀವಿಯಾದ, ಮನೆಮಠ ಕಟ್ಟಿಕೊಂಡು ಊರು ಬಿಡದೆ ನಿಲ್ಲುವ ಕೆಲಸಗಾರನಿಂದ ಕಂಪೆನಿಗೆ ಲಾಭವೇ ಇತ್ತು. ಸ್ಥಾಪಕರೆಲ್ಲರೂ ಗಂಡಸರು, ಅದಿರಿನೊಡನೆಯೂ ಬಡತನದೊಡನೆಯೂ ಸಮನಾಗಿ ಹೆಣಗಿದ ಹೆಂಗಸರಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಇನ್ನು ಸೀಸವು ವಿಷ. ಅದಿರನ್ನು ಕರಗಿಸುವ ಕುಲುಮೆಗಳ ಹೊಗೆಯಿಂದ ಕೆಲಸಗಾರರೂ ದನಕರುಗಳೂ ರೋಗಗ್ರಸ್ತರಾಗುತ್ತಿದ್ದರು. ಮುಂದೆ ಸಂಮೋಹನವಿದ್ಯೆಯ ವೈಜ್ಞಾನಿಕ ಪರಿಶೀಲನೆಯಿಂದ ಹೆಸರಾದ ಜೇಮ್ಸ್ ಬ್ರೈಡನು ೧೮೧೬ರಿಂದ ೧೮೨೫ರವರೆಗೆ ಇಲ್ಲಿನ ಗಣಿಗಳ ವೈದ್ಯನಾಗಿದ್ದನು. ಆರು ಗಂಟೆಯ ದುಡಿಮೆಯ ಹಿಂದೆ ಈ ಅಪಾಯವೂ ಇತ್ತೆಂಬುದನ್ನು ನೆನೆದರೆ, ಗಣಿಗಾರನ ವಿರಾಮವು ಪುಕ್ಕಟೆಯಾಗಿ ಬಂದ ಉಡುಗೊರೆಯಲ್ಲವೆಂಬುದು ಸ್ಪಷ್ಟವಾಗುತ್ತದೆ.

೧೯ನೆಯ ಶತಮಾನದಲ್ಲಿ ಹಳೆಯ ಏರ್ಪಾಡುಗಳು ಸಡಿಲವಾದುವು. ಹೊರದೇಶಗಳ ಸೀಸದ ಪೈಪೋಟಿಯಿಂದ ಬೆಲೆ ಕುಸಿಯಿತು. ೧೮೬೧ರಲ್ಲಿ ಗಣಿಗಳು ಹೊಸ ಕಂಪೆನಿಯ ಕೈಸೇರಿದುವು. ೧೯೦೧ರಲ್ಲಿ ಲೆಡ್‌ಹಿಲ್ಸಿಗೂ ಮರುವರ್ಷ ವಾನ್‌ಲಾಕ್‌ಹೆಡ್ಡಿಗೂ ರೈಲು ಬಂದಿತು. ಸುಮಾರು ೧೫೦೦ ಅಡಿ ಎತ್ತರವನ್ನು ಏರುತ್ತಿದ್ದ ಈ ಹಾದಿಯು ಬ್ರಿಟನ್ನಿನ ಸಾಮಾನ್ಯ ಅಗಲದ ರೈಲುಹಾದಿಗಳಲ್ಲೆಲ್ಲ ಎತ್ತರದ್ದಾಗಿತ್ತು. ಆದರೆ ರೈಲು ಬಂದದ್ದು ಉದ್ಯಮದ ಸಂಜೆಯಲ್ಲಿ. ೧೯೨೦ರ ದಶಕದ ಕೊನೆಯ ವೇಳೆಗೆ ಲೆಡ್‌ಹಿಲ್ಸಿನ ಗಣಿಗಾರಿಕೆ ನಿಂತಿತು. ೧೯೩೪ರಲ್ಲಿ ವಾನ್‌ಲಾಕ್‌ಹೆಡ್ಡಿನದೂ ನಿಂತಿತು. ೧೯೩೮ರ ಕೊನೆಗೆ ರೈಲುಹಾದಿಯೂ ಮುಚ್ಚಿಹೋಯಿತು. ಕೆಲಸ ಹೋದೊಡನೆ ಜನರೂ ಚದರಿದರು. ಇಂದು ಅಲ್ಲಿ ಕೆಲವು ನೂರು ಮಂದಿ ಮಾತ್ರ ವಾಸವಾಗಿದ್ದಾರೆ.

ಗಣಿ ಮುಚ್ಚಿತು, ಅದರ ಲಾಭವನ್ನು ಪಡೆದ ಕಂಪೆನಿಗಳೂ ಅಳಿದುವು. ಗಣಿಗಾರರ ಚಂದಾಹಣದಿಂದ ಬೆಳೆದ ಭಂಡಾರ ಮಾತ್ರ ಉಳಿದು, ಜೀರ್ಣೋದ್ಧಾರ ಹೊಂದಿ, ಸುಮಾರು ೨೫೦೦ ಸಂಪುಟಗಳೊಡನೆ ಇಂದಿಗೂ ಊರಿನ ಬೀದಿಯಲ್ಲಿ ನಿಂತಿದೆ. ಶ್ರಮಿಕರಲ್ಲಿ ವಿದ್ಯಾಭಿರುಚಿಯನ್ನು ಹೇಗೆ ಬೆಳೆಸಬೇಕೆಂಬ ಚರ್ಚೆ ಪ್ರತಿ ದೇಶದಲ್ಲಿಯೂ ನಡೆಯುತ್ತ ಬಂದಿದೆ. ಅದರಲ್ಲಿ ಸಾಮಾನ್ಯವಾಗಿ ಪುಸ್ತಕಗಳ ಬೆಲೆಯ ಮಾತು, ಉಪದೇಶದ ಮಾತು ಹೆಚ್ಚು. ಲೆಡ್‌ಹಿಲ್ಸಿನ ಚರಿತ್ರೆಯು ಆ ಚರ್ಚೆಗೆ ಎರಡು ಪ್ರಶ್ನೆಗಳನ್ನು ಸೇರಿಸುತ್ತದೆ: ದುಡಿಯುವವನಿಗೆ ದಿನದಲ್ಲಿ ಎಷ್ಟು ಗಂಟೆ ಉಳಿಯುತ್ತದೆ? ಪುಸ್ತಕಗಳನ್ನು ಆರಿಸುವ ಅಧಿಕಾರ ಯಾರ ಕೈಯಲ್ಲಿದೆ? ಗ್ರಾಮಚರಿತ್ರೆಯ ಅಭ್ಯಾಸಿಗಳು ತಮ್ಮ ಆಧಾರಗಳನ್ನು ಶೋಧಿಸುವಾಗ ಈ ಎರಡು ಪ್ರಶ್ನೆಗಳನ್ನೂ ಮುಂದಿಟ್ಟುಕೊಳ್ಳುವುದು ಪ್ರಯೋಜನಕರ.