ಹಳೆಯ ಟೇಪು, ಹೊಸ ತಂತ್ರಾಂಶ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಮಿತ್ರರಲ್ಲಿ ಹೆಚ್ಚಿನವರು ಕಚೇರಿಯ ಗುಮಾಸ್ತರು, ಇಲ್ಲವೆ ಕಾರ್ಖಾನೆಯ ಕೆಲಸಗಾರರು. ಊರು ಬಿಟ್ಟು ಬಂದ ನಾವು ಇಲ್ಲಿ ಇಂತಿಷ್ಟು ವರ್ಷ ದುಡಿದೆವೆಂಬುದಕ್ಕೆ ಸಂಬಳದ ಪಟ್ಟಿ, ಹಾಜರಿ ಪುಸ್ತಕಗಳೇ ಸಾಕ್ಷಿ. ಗ್ರಾಚ್ಯುಯಿಟಿ ಕೇಳುವ ದಿನ ಅವು ಬೇಕಾಗುತ್ತವೆ. ಈಗ ಇಂಥ ಲೆಕ್ಕಗಳು ಕಂಪ್ಯೂಟರಿನಲ್ಲಿರುತ್ತವೆ. ಹಳೆಯ ವರ್ಷಗಳವು ಎಷ್ಟೋ ಕಡೆ ಬ್ಯಾಕಪ್ ಟೇಪುಗಳಲ್ಲಿರುತ್ತವೆ. ತಂತ್ರಾಂಶವನ್ನು ಹೊಸದು ಮಾಡಿದ ಮೇಲೆ ಆ ಟೇಪಿನಿಂದ ಹಳೆಯ ಕಡತವನ್ನು ಮರಳಿ ತರುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಡಿಸ್ಕುಗಳಿರುವಾಗ ಟೇಪು ಏತಕ್ಕೆ ಎಂದು ಕೇಳಬಹುದು. 2011ರ ಫೆಬ್ರವರಿಯಲ್ಲಿ ನಡೆದ ಸಂಗತಿಯೇ ಇದಕ್ಕೆ ಉತ್ತರ. ಗೂಗಲ್ ಸಂಸ್ಥೆಯವರು ಜಿಮೇಲಿನ ಪತ್ರಗಳನ್ನು ಕಾಪಿಡುವ ತಂತ್ರಾಂಶವನ್ನು ಹೊಸದು ಮಾಡಿದಾಗ ಅದರಲ್ಲಿ ಒಂದು ದೋಷ ನುಸುಳಿತು. ಸಂಸ್ಥೆಯೇ ಹೇಳಿದ ಪ್ರಕಾರ ಶೇಕಡಾ 0.02, ಎಂದರೆ ಹತ್ತು ಸಾವಿರಕ್ಕೆ ಇಬ್ಬರು ಬಳಕೆದಾರರಿಗೆ ಇದರ ಪೆಟ್ಟು ತಗಲಿತು. ಅವರ ಪತ್ರಗಳು ಕಾಣದಾದುವು. ಬೇರೆ ಬೇರೆ ಕೇಂದ್ರಗಳಲ್ಲಿ ನಕಲುಗಳೇನೋ ಇದ್ದುವು. ಆದರೆ ಅವೂ ಅದೇ ತಂತ್ರಾಂಶದ ಕೈಯಲ್ಲಿದ್ದುದರಿಂದ ದೋಷ ಅವುಗಳನ್ನೂ ಮುಟ್ಟಿತು. ಯಂತ್ರದಿಂದ ಬೇರೆಯಾಗಿ ಇಟ್ಟಿದ್ದ ಟೇಪುಗಳು ಮಾತ್ರ ಉಳಿದುವು. ಅವುಗಳಿಂದಲೇ ಪತ್ರಗಳನ್ನು ಮರಳಿ ತಂದರು.

ಆದರೆ ಟೇಪು ಇದ್ದ ಮಾತ್ರಕ್ಕೆ ಕಡತ ಕೈಗೆ ಬಂತೆಂದಲ್ಲ. ಯಾವ ಕಡತ ಯಾವ ಟೇಪಿನ ಯಾವ ಭಾಗದಲ್ಲಿದೆ ಎಂಬ ಪಟ್ಟಿಯನ್ನು ಬ್ಯಾಕಪ್ ತಂತ್ರಾಂಶವು ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುತ್ತದೆ. ತಂತ್ರಾಂಶ ಬದಲಾಯಿಸುವಾಗ ಈ ಪಟ್ಟಿ ಕಳೆದುಹೋಗುವುದುಂಟು. ಆಗ ಟೇಪು ಸರಿಯಾಗಿದ್ದರೂ ಯಂತ್ರ ಅದನ್ನು ಗುರುತಿಸುವುದಿಲ್ಲ. ಗಾಬರಿ ಬೇಡ. ವಾಚನಾಲಯದ ಪುಸ್ತಕಪಟ್ಟಿ ಕಳೆದರೆ ಕಪಾಟಿನ ಪುಸ್ತಕಗಳು ಎಲ್ಲಿಗೂ ಹೋಗುವುದಿಲ್ಲವಷ್ಟೆ. ಒಂದೊಂದನ್ನೂ ತೆಗೆದು ನೋಡಿ ಹೊಸ ಪಟ್ಟಿ ಬರೆಯಬೇಕು. ಹಾಗೆಯೇ ಟೇಪನ್ನು ಮೊದಲಿನಿಂದ ಓದಿಸಿ ಪಟ್ಟಿಯನ್ನು ಮತ್ತೆ ಕಟ್ಟಿಸಬಹುದು. ಇದಕ್ಕೆ ತಾಳ್ಮೆ ಬೇಕು. ಎಲ್‌ಟಿಓ ಎಂಬ ಬಗೆಯ ಐದನೆಯ ತಲೆಮಾರಿನ ಟೇಪು 846 ಮೀಟರ್ ಉದ್ದ; 1.5 ಟೆರಾಬೈಟ್ ಹಿಡಿಯುತ್ತದೆ. ಪೂರ್ತಿ ಓದಲು ಸುಮಾರು ಮೂರು ಗಂಟೆ ತಗಲುತ್ತದೆ.

ಟೇಪನ್ನು ಒಳಗೆ ಹಾಕುವ ಮುನ್ನ, ಅದರ ಮೇಲೆ ಹೊಸದಾಗಿ ಬರೆಯದಂತೆ ತಡೆಯುವ ಪುಟ್ಟ ಕೀಲಿಯನ್ನು ಅಂಚಿನಲ್ಲಿ ಸರಿಸಿಡತಕ್ಕದ್ದು. ಮರೆತರೆ ಹಳೆಯದರ ಮೇಲೆ ಹೊಸದು ಬಿದ್ದು ಎಲ್ಲವೂ ಹೋದೀತು.

ಇನ್ನು ಓದುವ ಯಂತ್ರದ ಮಾತು. ಏಳನೆಯ ತಲೆಮಾರಿನವರೆಗಿನ ಎಲ್‌ಟಿಓ ಯಂತ್ರಗಳು ತಮಗಿಂತ ಎರಡು ತಲೆಮಾರು ಹಿಂದಿನ ಟೇಪನ್ನೂ ಓದಬಲ್ಲವು. ಎಂಟನೆಯದು ಒಂದು ತಲೆಮಾರು ಹಿಂದಿನದನ್ನು ಮಾತ್ರ. ಆದುದರಿಂದ ಐದನೆಯ ತಲೆಮಾರಿನ ಟೇಪು ಎಂಟನೆಯ ಯಂತ್ರದಲ್ಲಿ ಓದಿಸಿಕೊಳ್ಳದು. ಹೊಸ ಯಂತ್ರ ಬಂತೆಂದು ಹಳೆಯದನ್ನು ಗುಜರಿಗೆ ಹಾಕುವ ಮೊದಲು ಈ ಲೆಕ್ಕ ನೋಡಬೇಕು. ಹೊಸ ತಂತ್ರಾಂಶಕ್ಕೆ ಹಳೆಯ ಬರವಣಿಗೆಯ ಕ್ರಮ ತಿಳಿಯದಿದ್ದರೆ, ಹಳೆಯ ತಂತ್ರಾಂಶವನ್ನೇ ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ ಓದಿಸಬೇಕು. ಟೇಪನ್ನು ಗುಪ್ತಲಿಪಿಯಲ್ಲಿ ಬರೆದಿದ್ದರೆ ಅದರ ಕೀಲಿಸಂಖ್ಯೆಯೂ ಬೇಕು. ಅದು ಕಳೆದಿದ್ದರೆ ಆಸೆ ಬಿಟ್ಟಂತೆಯೇ.

ಕಡತ ಬಂದ ಮೇಲೆ ಅದನ್ನು ಈಗಿನ ಕಡತಗಳ ಮೇಲೆಯೇ ಇಳಿಸಬಾರದು. ಬೇರೆ ಜಾಗದಲ್ಲಿ ಇಳಿಸಿ, ತೆರೆದು, ಮೊತ್ತಗಳನ್ನು ತಾಳೆ ನೋಡಿ, ಆಮೇಲೆ ಸೇರಿಸಬೇಕು.

ಕಚೇರಿಯ ಲೆಕ್ಕ ನೋಡುವ ಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟೆ: ವರ್ಷಕ್ಕೊಮ್ಮೆಯಾದರೂ, ಮತ್ತು ತಂತ್ರಾಂಶ ಬದಲಾಯಿಸುವ ಮುನ್ನ, ಹಳೆಯ ಟೇಪಿನಿಂದ ಒಂದು ಸಂಬಳದ ಪಟ್ಟಿಯನ್ನು ತೆಗೆಸಿ ನೋಡಿರಿ. ಬಾರದಿದ್ದರೆ ಮೇಲಧಿಕಾರಿಗಳಿಗೆ ಅಂದೇ ಬರೆದು ತಿಳಿಸಿರಿ. ಹತ್ತು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಯಾವನೋ ಕೆಲಸಗಾರ ತನ್ನ ದುಡಿಮೆಯ ಪುರಾವೆ ಕೇಳಿಕೊಂಡು ಬಾಗಿಲಿಗೆ ಬಂದಾಗ, ಅವನನ್ನು ಬರಿಗೈಯಲ್ಲಿ ಕಳಿಸುವಂತಾಗಬಾರದು.